ನಮ್ಮಮ್ಮನ ಪಿಕಪ್ಪಿನ ನಾಲ್ಕು ಪ್ಲಗ್ಗು

ನನಗೊಂದು ಕೆಟ್ಟ ಚಾಳಿಯಿದೆ. ಸಿಗ್ನಲ್ಲಿನಲ್ಲಿ ನಿಂತಾಗ ಪಕ್ಕದ ಗಾಡಿ ಹೇಗೆ ಸದ್ದು ಮಾಡುತ್ತದೋ ನನ್ನ ಬಾಯಿಯೂ ತಾನಾಗಿಯೇ ಹಾಗೆ ಸದ್ದು ಮಾಡತೊಡಗುತ್ತದೆ. ಮೊನ್ನೆ ವಿಜಯನಗರದ ಬಸ್ ಸ್ಟ್ಯಾಂಡಿನ ಮುಂದೆ ಹೀಗೇ ಆಯಿತು. ಪಕ್ಕದಲ್ಲೊಂದು ಆಟೊ ನಿಂತಿತ್ತು, ಪಾಪ, ಅದರ ಇಂಜಿನ್ನಿಗೆ ಬಿಕ್ಕಳಿಕೆ. ನಾನೂ "ಪಟ್ ಪಟ್ ಪಟ್ ಪುಸ್" ಎಂದೆ. ಡ್ರೈವರ್ ತಿರುಗಿ ನೋಡಿದ.

"ಏನ್ ಗುರು, ಹೊಟ್ಟೆ ಸರಿಯಿಲ್ವಾ?"

"ನನ್ ಹೊಟ್ಟೆ ಚೆನ್ನಾಗಿದೆ ಅಣ್ಣ. ನಿಮ್ ಗಾಡಿ ಪ್ಲಗ್ ನೋಡ್ಸಿ."

ಅಷ್ಟರಲ್ಲಿ ಹಸಿರು ದೀಪ ಬಂತು. ಅವನು ಬೈದದ್ದು ಪೂರ್ತಿ ಕೇಳಿಸಲಿಲ್ಲ. ಕೇಳಿಸಿದಷ್ಟನ್ನು ಮನೆಗೆ ಬಂದು ಅವನ ಧ್ವನಿಯಲ್ಲೇ ಅಮ್ಮನಿಗೆ ಒಪ್ಪಿಸಿದೆ.

ಚಿಕ್ಕಂದಿನಿಂದ ನಾನು ಹೀಗೇ. ನಾಲ್ಕನೇ ಕ್ಲಾಸಿನಲ್ಲಿ ಹೆಡ್‌ಮಾಸ್ಟರರ ಕೆಮ್ಮನ್ನು ಅಣಕಿಸಿ ಬಾಗಿಲ ಹಿಂದೆ ಕೆಮ್ಮಿದರೆ ಇಡೀ ತರಗತಿ ಎದ್ದು ನಿಲ್ಲುತ್ತಿತ್ತು. ಸಿಕ್ಕಿಬಿದ್ದ ದಿನ ಅವರು ಹೊಡೆದರು. ಹೊಡೆತ ತಿಂದು ನಾನು ಅತ್ತದ್ದು ಪಕ್ಕದ ಬೆಂಚಿನ ಸುರೇಶನ ಧಾಟಿಯಲ್ಲಿ ಎಂದು ಇನ್ನೆರಡು ಬಿಟ್ಟರು. ಬಿ.ಕಾಂ. ಅನ್ನು ಮೂರು ವರ್ಷಕ್ಕೆ ಬದಲು ಐದು ವರ್ಷ ಓದಿದ್ದರ ಲಾಭವೇನೆಂದರೆ ಇನ್ನೆರಡು ತಂಡದ ಲೆಕ್ಚರರುಗಳ ಧ್ವನಿ ನನ್ನ ಗಂಟಲಿಗೆ ಸೇರಿಕೊಂಡಿತು. ಇಷ್ಟೆಲ್ಲ ಧ್ವನಿಗಳ ನಡುವೆ ನನ್ನದು ಯಾವುದು ಎಂದು ಕೇಳಬೇಡಿ. ಫೋನೆತ್ತಿ ಹಲೋ ಎಂದರೆ ಗೆಳೆಯರು "ಮಗಾ, ಇವತ್ತು ಯಾರು ಮಾತಾಡ್ತಿರೋದು?" ಎನ್ನುತ್ತಾರೆ.

ಇಂಥ ವಿದ್ಯೆಯಿಂದ ಮೂರು ಕಾಸಿನ ಉಪಯೋಗವಿಲ್ಲ ಎಂದು ತೀರ್ಪು ಕೊಟ್ಟವರ ಪಟ್ಟಿ ದೊಡ್ಡದಿದೆ. ಅದರಲ್ಲಿ ಮೊದಲ ಹೆಸರು ನಂದಿನಿ ಲೇಔಟಿನ ನಮ್ಮ ಶಿವಣ್ಣಮಾವನದು. ಅವನು ಅಮ್ಮನ ಅಣ್ಣ. ಯಾವ ಮಾತಿಗಾದರೂ ಮೊದಲು ಗಂಟಲು ಸರಿಮಾಡಿಕೊಂಡು, ಒಂದು ಕ್ಷಣ ತಾರಸಿ ನೋಡಿ, ಆಮೇಲೆ "ಮರ್ಯಾದೆ" ಎಂಬ ಶಬ್ದದಿಂದ ಶುರುಮಾಡುವ ಮನುಷ್ಯ. "ಮರ್ಯಾದೆ ಅಂತ ಒಂದಿರುತ್ತೆ ಸೋಮು" ಎಂದು ಅವನು ನನಗೆ ಹೇಳಿದ ಸಲಗಳನ್ನೆಲ್ಲ ಜೋಡಿಸಿದರೆ ಇಲ್ಲಿಂದ ಕೆಂಗೇರಿ ಮುಟ್ಟಬಹುದು. ಆ ಮರ್ಯಾದೆಗೂ ನಮ್ಮ ಮನೆಯ ಪಿಕಪ್ಪಿಗೂ ಒಂದು ಕಾರ್ತಿಕ ಮಾಸದಲ್ಲಿ ಜಗಳ ಬಿತ್ತು. ನಡುವೆ ನಾನು ಸ್ಪ್ಯಾನರ್ ಹಿಡಿದು ನಿಂತಿದ್ದೆ.

ಆಗ ನಮ್ಮ ಚಂದ್ರಾ ಲೇಔಟಿನ ಕಡೆ ಮೆಟ್ರೊ ಬರುತ್ತದಂತೆ, ಬರುತ್ತದಂತೆ ಎಂದು ಎಲ್ಲರೂ ಹೇಳುತ್ತಿದ್ದರು, ಯಾರೂ ನಂಬುತ್ತಿರಲಿಲ್ಲ. ಮನೆಯ ಮುಂದೆ ಹೊಂಗೆ ಮರದಡಿ ಒಂದು ನೀಲಿ ಪಿಕಪ್ ನಿಂತಿರುತ್ತಿತ್ತು. ಮುಂದೆ ಜೀಪಿನ ಮುಖ, ಹಿಂದೆ ಎತ್ತಿನ ಗಾಡಿಯ ತೊಟ್ಟಿ. ಯಾವುದೋ ಸರ್ಕಾರಿ ಹರಾಜಿನಲ್ಲಿ ತಾತ ಹಿಡಿದುಕೊಂಡು ಬಂದದ್ದು. ಪೆಟ್ರೋಲ್ ಇಂಜಿನ್ನು, ನಾಲ್ಕು ಸಿಲಿಂಡರು. ಅದು ಕುಡಿಯುವುದನ್ನು ನೋಡಿದರೆ ನಮ್ಮ ಬೀದಿಯ ಬಾರಿನ ಕಾಯಂ ಗಿರಾಕಿಗಳೂ ನಾಚಬೇಕು. ಎಡಗಡೆಯ ಬಾಗಿಲು ಒಳಗಿನಿಂದ ತೆರೆಯುವುದಿಲ್ಲ, ಬಲಗಡೆಯದು ಹೊರಗಿನಿಂದ. ಹೀಗಾಗಿ ಗಾಡಿಗೆ ಸೆಂಟ್ರಲ್ ಲಾಕು ಇದೆ ಎಂದು ನಾನು ಗೆಳೆಯರಲ್ಲಿ ಹೇಳಿಕೊಳ್ಳುತ್ತಿದ್ದೆ.

ಅದನ್ನು ಓಡಿಸುವವಳು ಅಮ್ಮ.

ಈ ಮಾತು ಕೇಳಿದವರು ಸಾಮಾನ್ಯವಾಗಿ ಇಲ್ಲಿ ಒಂದು ಸಲ "ಆಂ?" ಎನ್ನುತ್ತಾರೆ. ನೀವೂ ಅಂದುಕೊಳ್ಳಿ, ಕಾಯುತ್ತೇನೆ. ಅಮ್ಮ ಮದುವೆ ಮುಂಜಿಗಳಿಗೆ ಕುರ್ಚಿ, ಷಾಮಿಯಾನ, ಅಡುಗೆಯ ಪಾತ್ರೆಗಳನ್ನು ಬಾಡಿಗೆಗೆ ಕೊಡುವವಳು. ಅವನ್ನೆಲ್ಲ ತೊಟ್ಟಿಗೆ ತುಂಬಿ, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ದಪ್ಪ ಕನ್ನಡಕ ಏರಿಸಿ ಹೊರಟರೆ ಟೋಲ್‌ಗೇಟಿನ ಟ್ರಾಫಿಕ್ ಪೊಲೀಸಿನವನು ಸಹ ಮೊದಲು ಕೈ ತೋರಿಸಿ, ಮುಖ ನೋಡಿ, ಕೈಯನ್ನು ಮೆಲ್ಲಗೆ ತಲೆಗೆ ಒಯ್ದು ಟೋಪಿ ಸರಿಮಾಡಿಕೊಳ್ಳುತ್ತಿದ್ದ. ಅಪ್ಪ ಪಕ್ಕದ ಸೀಟಿನಲ್ಲಿ. ಅವರು ಗುಮಾಸ್ತರು, ಸೈಕಲ್ಲು ಬಿಟ್ಟು ಬೇರೇನನ್ನೂ ನಂಬಿದವರಲ್ಲ. ಇಂಡಿಕೇಟರ್ ಇಲ್ಲದ ಗಾಡಿಗೆ ಅವರ ಎಡಗೈಯೇ ಇಂಡಿಕೇಟರ್. ಎಡಕ್ಕೆ ತಿರುಗುವಾಗ ಕೈಯನ್ನು ಹೊರಗೆ ಚಾಚಿ, ಮಗುವಿಗೆ ಟಾಟಾ ಹೇಳುವಂತೆ ಆಡಿಸುತ್ತಿದ್ದರು. ಬಲಕ್ಕೆ ತಿರುಗುವಾಗ ಕಣ್ಣು ಮುಚ್ಚಿಕೊಳ್ಳುತ್ತಿದ್ದರು.

ಅಮ್ಮನಿಗೆ ಡ್ರೈವಿಂಗ್ ಕಲಿಸಿದವನು ತಾತ. ಈಗ ಬೇಕರಿ, ಬ್ಯಾಂಕು ಮತ್ತು ಮೂರು ಬ್ಯೂಟಿ ಪಾರ್ಲರುಗಳಿರುವ ನಮ್ಮ ಮುಖ್ಯರಸ್ತೆ ಆಗ ತಾತನ ರಾಗಿ ಹೊಲವಾಗಿತ್ತಂತೆ. ಕೊಯ್ಲಾದ ಮೇಲೆ ಕೂಳೆಯ ಮೇಲೆ ಗಾಡಿ ನಿಲ್ಲಿಸಿ, ಮಗಳನ್ನು ಸ್ಟೇರಿಂಗ್ ಮುಂದೆ ಕೂರಿಸಿ, "ಬದು ಬಂದ್ರೆ ಹೆದರ್ಬೇಡ, ಬದೂನೇ ನಿನಗೆ ಹೆದರ್ಲಿ" ಎನ್ನುತ್ತಿದ್ದನಂತೆ. ಶಿವಣ್ಣಮಾವನಿಗೂ ಕಲಿಸಿದ. ಮಾವ ಮೊದಲ ದಿನವೇ ಬಾವಿಕಟ್ಟೆಗೆ ಗುದ್ದಿದ. ತಾತ ಹೋಗುವಾಗ ಹೊಲವೆಲ್ಲ ಮಾವನಿಗೆ ಬಂತು. ಅವನು ಅದನ್ನು ಸೈಟು ಮಾಡಿ, ನಂದಿನಿ ಲೇಔಟಿನಲ್ಲಿ ಮೂರಂತಸ್ತಿನ ಮನೆ ಕಟ್ಟಿ, ಪರದೆಯಿರುವ ಕಾರಿನಲ್ಲಿ ಡ್ರೈವರನ್ನಿಟ್ಟುಕೊಂಡು ಓಡಾಡತೊಡಗಿದ. ಅಮ್ಮನಿಗೆ ಬಂದದ್ದು ಈ ಪಿಕಪ್. "ನಿನಗೆ ಓಡಿಸೋಕೆ ಬರುತ್ತಲ್ಲ, ತಗೋ" ಎಂದು ತಾತ ಬೀಗದ ಕೈ ಕೊಟ್ಟನಂತೆ. ಅಮ್ಮ ಇದನ್ನು ಹೇಳುವಾಗ ದೂರಿನ ಧ್ವನಿಯೂ ಇರಲಿಲ್ಲ, ಖುಷಿಯದ್ದೂ ಇರಲಿಲ್ಲ. ನನ್ನ ಗಂಟಲಿಗೆ ಈವರೆಗೂ ಸಿಗದ ಧ್ವನಿ ಅದೊಂದು.

ಆ ವರ್ಷ ಆಯುಧಪೂಜೆ ಮುಗಿದ ಮೇಲೆ ಗಾಡಿ ಬೆಳಗಿನ ಹೊತ್ತು ಕೆಮ್ಮತೊಡಗಿತು. ಚಳಿ ಬಿದ್ದ ಹಾಗೆಲ್ಲ ಜಾಸ್ತಿಯಾಯಿತು. ಕೊನೆಗೆ ಕಾರ್ತಿಕದ ಒಂದು ಮದುವೆಯ ಬೆಳಿಗ್ಗೆ, ಇನ್ನೂರು ಕುರ್ಚಿ ಹೊತ್ತು ಶ್ರೀಗಂಧದ ಕಾವಲಿನ ಏರು ಹತ್ತುವಾಗ, ಅರ್ಧಕ್ಕೆ ಹೋಗಿ "ಇನ್ನು ನನ್ನ ಕೈಲಾಗಲ್ಲ" ಎಂದು ನಿಂತೇಬಿಟ್ಟಿತು. ಅಪ್ಪ ಇಳಿದು ಹಿಂದಿನ ಚಕ್ರಕ್ಕೆ ಕಲ್ಲು ಕೊಟ್ಟರು. ಮುಹೂರ್ತಕ್ಕೆ ಬಂದ ನೆಂಟರು ಕುರ್ಚಿಯಿಲ್ಲದೆ ಗೋಡೆಗೆ ಒರಗಿ ನಿಂತರು. ದುರದೃಷ್ಟಕ್ಕೆ ಹಾಗೆ ನಿಂತವರಲ್ಲಿ ಶಿವಣ್ಣಮಾವನೂ ಒಬ್ಬ.

ಸಂಜೆಯೇ ಬಂದ. ಗಂಟಲು ಸರಿಮಾಡಿಕೊಂಡ. ತಾರಸಿ ನೋಡಿದ.

"ಮರ್ಯಾದೆ ಅಂತ ಒಂದಿರುತ್ತೆ ಕಣೆ ಜಯಾ. ಭಾವನ್ನ ಪಕ್ಕದಲ್ಲಿ ಕೂರಿಸ್ಕೊಂಡು ನೀನು ಗೇರ್ ಹಾಕೋದು ನೋಡಿ ಜನ ನಗ್ತಾರೆ. ಈಗ ನಡುರೋಡಲ್ಲಿ ಬೇರೆ ನಿಂತ್ಕೊಂಡ್ತು."

"ಗಾಡಿ ನಿಂತ್ರೆ ರಿಪೇರಿ ಮಾಡಿಸ್ತೀನಿ. ಜನ ನಕ್ಕರೆ ನಾನೇನ್ ಮಾಡ್ಲಿ?" ಎಂದಳು ಅಮ್ಮ, ಹುರುಳಿಕಾಯಿ ಸೋಸುತ್ತ.

"ಬೇಡ. ಗುಜರಿಯೋನಿಗೆ ಹೇಳಿದೀನಿ. ಭಾನುವಾರ ಬರ್ತಾನೆ. ನೀನಿನ್ನು ಮನೇಲಿರು, ಕುರ್ಚಿ ಸಾಗಿಸೋಕೆ ನಾನೊಂದು ಆಳು ನೋಡ್ತೀನಿ."

ಅಪ್ಪ ಪೇಪರ್ ಓದುತ್ತಿದ್ದರು. ಅದನ್ನು ತಲೆಕೆಳಗಾಗಿ ಹಿಡಿದಿದ್ದಾರೆಂದು ನಾನು ಸನ್ನೆ ಮಾಡಿದೆ. ಅವರು ತಿರುಗಿಸಿ ಹಿಡಿದು ಮತ್ತೆ ಅದರೊಳಗೆ ಹೋದರು. ನಾನು ಮೂಲೆಯಲ್ಲಿ ನಿಂತು ಮಾವನ ಹಾಗೆ ಗಂಟಲು ಸರಿಮಾಡಿಕೊಂಡೆ. ಮಾವ ತಿರುಗಿ ನೋಡಿದ. ಅಮ್ಮ ನಗಲಿಲ್ಲ. ಹುರುಳಿಕಾಯಿಯ ಮೊರ ಪಕ್ಕಕ್ಕಿಟ್ಟಳು.

"ಭಾನುವಾರ ಅದೇ ಏರಿನ ಆಚೆ ಛತ್ರಕ್ಕೆ ಕುರ್ಚಿ ಕೊಡ್ಬೇಕು. ಅವನನ್ನ ಅಲ್ಲಿಗೇ ಕರ್ಕೊಂಡು ಬಾ ಅಣ್ಣ. ಇನ್ನೂರು ಕುರ್ಚಿ ಹೇರ್ಕೊಂಡು ಹತ್ತಿಸ್ತೀನಿ. ಹತ್ತದಿದ್ರೆ ಬೀಗದ ಕೈ ಅಲ್ಲೇ ಅವನ ಕೈಗೆ ಹಾಕ್ತೀನಿ, ಇನ್ನು ಸ್ಟೇರಿಂಗ್ ಮುಟ್ಟಲ್ಲ."

"ಹತ್ತಿದ್ರೆ?"

"ಹತ್ತಿದ್ರೆ ಈ ಮಾತು ನಮ್ಮನೇಲಿ ಇನ್ನೊಂದ್ ಸಲ ಎತ್ತಬಾರ್ದು."

ಮಾವ ಒಪ್ಪಿಕೊಂಡ. ಗೆದ್ದವನ ಹಾಗೆ ಕಾಫಿಯನ್ನೂ ಕುಡಿದು ಹೋದ.

ಮರುದಿನ ಗಾಡಿಯನ್ನು ಮೂಡಲಪಾಳ್ಯದ ಈರಣ್ಣನ ಗ್ಯಾರೇಜಿಗೆ ಒಯ್ದೆವು. ಈರಣ್ಣ ಗದಗಿನ ಕಡೆಯವನು, ಬೆಂಗಳೂರಿಗೆ ಬಂದು ನಾಲ್ಕು ವರ್ಷವಾಗಿತ್ತು. ಊರಿನಲ್ಲಿ ಟ್ರ್ಯಾಕ್ಟರ್ ರಿಪೇರಿ ಮಾಡಿ ಪಳಗಿದ ಕೈ. ಬಾನೆಟ್ ಎತ್ತಿ, ಒಂದು ಸಲ ಆಕ್ಸಿಲರೇಟರ್ ಎಳೆದು, ಬೀಡಿ ಹಚ್ಚಿದ.

"ಮುಗೀತ್ರೀ ಅಕ್ಕಾರ. ಬೋರ್ ಹೋಗೇತಿ, ಸಿಲಿಂಡರ್ ಒಳಗೆಲ್ಲ ಸವದೇತಿ. ಇಂಜಿನ್ ಇಳಿಸಬೇಕ, ಹದಿನೈದು ದಿನದ ಕೆಲಸ."

ಭಾನುವಾರಕ್ಕೆ ಇದ್ದದ್ದು ಎರಡೇ ದಿನ. ಅಮ್ಮ ಗಾಡಿಯ ಮಡ್‌ಗಾರ್ಡಿನ ಮೇಲಿನ ಧೂಳನ್ನು ಬೆರಳಿನಿಂದ ಒರೆಸಿದಳು. ಅದನ್ನು ನೋಡಿ ನನ್ನ ಬಾಯಿ ಸುಮ್ಮನಿರಲಿಲ್ಲ.

"ಈರಣ್ಣ, ಒಂದ್ ನಿಮಿಷ ಕೇಳು. ಇದು ಬೆಳಿಗ್ಗೆ ಆರು ಗಂಟೆ ಇಂಜಿನ್ನು" ಎಂದು ಬಾಯಲ್ಲಿ ಶುರುಮಾಡಿದೆ. "ಡುಗು ಡುಗು ಡುಗು ಹ್ಞೂಂ. ಡುಗು ಡುಗು ಡುಗು ಹ್ಞೂಂ. ಇದು ಮಧ್ಯಾಹ್ನ ಹನ್ನೆರಡು ಗಂಟೇದು. ಡುಗು ಡುಗು ಡುಗು ಡುಗು. ಡುಗು ಡುಗು ಡುಗು ಡುಗು."

"ಏನ್ ಹುಚ್ಚ ಹಿಡದೈತೇನಲೇ ನಿನಗ?"

"ಬೋರ್ ಹೋಗಿದ್ರೆ ಬಿಸಿಲು ಬಂದ ತಕ್ಷಣ ವಾಪಸ್ ಬರುತ್ತಾ? ಬೆಳಿಗ್ಗೆ ಮೂರೇ ಬಡಿತ, ಮಧ್ಯಾಹ್ನ ನಾಲ್ಕೂ ಬಡಿತ. ನನ್ ಕಿವಿ ಸುಳ್ಳು ಹೇಳಲ್ಲ."

ಈರಣ್ಣ ಬೀಡಿಯನ್ನು ತುಟಿಯ ಈ ಮೂಲೆಯಿಂದ ಆ ಮೂಲೆಗೆ ಸಾಗಿಸಿದ. ಗ್ಯಾರೇಜಿನ ಮಿಕ್ಕವರೆಲ್ಲ ನಗುತ್ತಿದ್ದರು. ಮೆಕ್ಯಾನಿಕ್ಕಿನ ಎದುರು ಬಾಯಲ್ಲಿ ಇಂಜಿನ್ ಓಡಿಸುವವನನ್ನು ಅವರು ನೋಡಿರಲಿಲ್ಲ.

"ಭಾರಿ ಶಾಣ್ಯಾ ಅದೀಪಾ. ಹಂಗಾರ ಪ್ಲಗ್ಗಿನ ಕತಿ ಇರಬೇಕ. ತಗೋ ಪ್ಲಗ್ ಪಾನಾ, ತಗೋ ಈ ಬ್ಲೇಡ್. ನೀನ ಬಿಚ್ಚು, ನೀನ ಹಾಕು. ನನ್ನ ಕೈಯಾಗ ಈ ವಾರ ಹನ್ನೊಂದ್ ಗಾಡಿ ಅದಾವ."

ಅವನು ಕೊಟ್ಟದ್ದು ಉದ್ದನೆಯ ಪ್ಲಗ್ ಸ್ಪ್ಯಾನರ್ ಮತ್ತು ಮುರಿದ ಹ್ಯಾಕ್ಸಾ ಬ್ಲೇಡಿನ ತುಂಡು. ಬ್ಲೇಡು ಯಾಕೆಂದರೆ, ಪ್ಲಗ್ಗಿನ ತುದಿಯಲ್ಲಿ ಕಿಡಿ ಹಾರಬೇಕಾದ ಸಂದು ಇರುತ್ತದಲ್ಲ, ಅದು ಸರಿಯಾಗಿ ಹ್ಯಾಕ್ಸಾ ಬ್ಲೇಡಿನಷ್ಟು ದಪ್ಪ ಇರಬೇಕು. ಅಳತೆಯ ಸಾಧನ ತೆಗೆದುಕೊಂಡವರು ಯಾರೂ ಆ ಗ್ಯಾರೇಜಿನಲ್ಲಿರಲಿಲ್ಲ, ಬ್ಲೇಡು ಮುರಿದುಕೊಂಡವರು ಎಲ್ಲರೂ. ಅವನು ಛೇಡಿಸಲು ಕೊಟ್ಟದ್ದೆಂದು ನನಗೆ ಗೊತ್ತಿತ್ತು. ಕೊಟ್ಟದ್ದನ್ನು ನಾನು ಕೈಚಾಚಿ ತೆಗೆದುಕೊಂಡೆ. ಪ್ಲಗ್ ಬಿಚ್ಚಲು ಡಿಗ್ರಿ ಬೇಕೇನು? ಬೇಕೆಂದರೂ ಎರಡು ವರ್ಷ ತಡವಾಗಿ ಅದೂ ಇತ್ತು ನನ್ನ ಹತ್ತಿರ.

ಶನಿವಾರ ಬೆಳಿಗ್ಗೆ ಹೊಂಗೆ ಮರದಡಿ ಗೋಣಿಚೀಲ ಹಾಸಿ ಶುರುಮಾಡಿದೆ. ಅಪ್ಪ ಸ್ಟೂಲು ಹಾಕಿಕೊಂಡು ಕೂತು, ಆಫೀಸಿನಲ್ಲಿ ಕಡತ ನೋಡುವಂತೆ ಇಂಜಿನ್ನನ್ನು ದೂರದಿಂದ ನೋಡುತ್ತಿದ್ದರು. ನಾಲ್ಕು ಪ್ಲಗ್ಗುಗಳ ತಲೆಯ ಮೇಲಿಂದ ನಾಲ್ಕು ಕಪ್ಪು ವೈರುಗಳನ್ನು ಒಂದೇ ಉಸಿರಿಗೆ ಕಿತ್ತುಹಾಕಿದೆ. ಸ್ಪ್ಯಾನರ್ ಕೂರಿಸಿ ತಿರುಗಿಸಿದರೆ ಮೊದಲ ಪ್ಲಗ್ಗು ಕಮಕ್ ಕಿಮಕ್ ಎನ್ನಲಿಲ್ಲ. ಇನ್ನೊಂದಿಷ್ಟು ಒತ್ತಿದೆ. ಅದು ಸಡಿಲವಾದದ್ದೂ ನನ್ನ ಮಣಿಕಟ್ಟು ರೇಡಿಯೇಟರಿಗೆ ಬಡಿದದ್ದೂ ಒಟ್ಟಿಗೇ. ಆಗ ನನ್ನ ಬಾಯಿಂದ ಬಂದದ್ದು ಆ ಆಟೊ ಡ್ರೈವರನ ಥರದ ಬೈಗುಳವೇ, ಅಮ್ಮ ಒಳಗಿದ್ದಳು ಸದ್ಯ.

ಬಿಚ್ಚಿದ ಪ್ಲಗ್ಗುಗಳ ಕೆಳತುದಿ ಕಾಡಿಗೆಯಾಗಿತ್ತು. ಪೆಟ್ರೋಲಿನಲ್ಲಿ ಅದ್ದಿ, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿ, ಎಮರಿ ಕಾಗದದಲ್ಲಿ ಉಜ್ಜಿದೆ. ಸಂದುಗಳು ಒಂದೊಂದು ಒಂದೊಂದು ಥರ. ಒಂದರಲ್ಲಿ ಬ್ಲೇಡು ತೂರಲೇ ಇಲ್ಲ, ಇನ್ನೊಂದರಲ್ಲಿ ಬ್ಲೇಡಿನ ಜೊತೆಗೆ ಅಪ್ಪನೂ ತೂರಬಹುದಿತ್ತು. ಕಲ್ಲಿನ ಮೇಲೆ ಮೆಲ್ಲಗೆ ಕುಟ್ಟಿ, ಬ್ಲೇಡು ಬಿಗಿಯಾಗಿ ಜಾರುವಷ್ಟಕ್ಕೆ ತಂದೆ. ಈ ಕೆಲಸದಲ್ಲೊಂದು ಸುಖವಿದೆ. ಬ್ಲೇಡು ಸಂದಿನಲ್ಲಿ ಸರಿಯುವಾಗ ಬೆರಳಿಗೆ ಒಂದು ಸಣ್ಣ ಹಿಡಿತ ತಗಲುತ್ತದೆ, ಇಷ್ಟು ಸಾಕು ಎನ್ನುವಂತೆ. ಬಿ.ಕಾಂ.ನ ಐದು ವರ್ಷದಲ್ಲಿ ಯಾವುದೂ ನನಗೆ ಹಾಗೆ ಸರಿಯಾಗಿ ಕೂತಿರಲಿಲ್ಲ.

ಮತ್ತೆ ನಾಲ್ಕನ್ನೂ ಬಿಗಿದು, ವೈರು ಚುಚ್ಚಲು ಹೋದಾಗ ನೆನಪಾಯಿತು: ಯಾವ ವೈರು ಯಾವ ಪ್ಲಗ್ಗಿನದು? ಗುರುತು ಮಾಡಿಕೊಂಡಿರಲಿಲ್ಲ.

"ಅಪ್ಪಾ, ನೋಡ್ತಾ ಇದ್ರಲ್ಲ, ಯಾವುದು ಎಲ್ಲಿತ್ತು?"

"ನಾನು ನಿನ್ನನ್ನ ನೋಡ್ತಾ ಇದ್ದೆ ಕಣೋ" ಎಂದರು ಅಪ್ಪ, ಬಹಳ ಪ್ರಾಮಾಣಿಕವಾಗಿ.

ವೈರುಗಳ ಉದ್ದ ನೋಡಿ, ಒಂದು ಎರಡು ಮೂರು ನಾಲ್ಕು ಎಂದು ಸಾಲಾಗಿ ಚುಚ್ಚಿ ಸ್ಟಾರ್ಟ್ ಮಾಡಿದೆ. ಪಿಕಪ್ಪು ಒಂದು ಸಲ ನಡುಗಿ, ಸೈಲೆನ್ಸರಿನಿಂದ "ಢಮಾರ್" ಎಂದು ಹಾರಿಸಿತು. ಹೊಂಗೆ ಮರದ ಕಾಗೆಗಳೆಲ್ಲ ಬಸವೇಶ್ವರನಗರದ ಕಡೆ ಹಾರಿದವು. ಎದುರುಮನೆಯ ಆಂಟಿ ಲಟ್ಟಣಿಗೆಯ ಸಮೇತ ಹೊರಗೆ ಬಂದರು. ಅಪ್ಪ ಸ್ಟೂಲಿನ ಮೇಲಿರಲಿಲ್ಲ.

ಆ ಢಮಾರನ್ನು ಫೋನಿನಲ್ಲಿ ಈರಣ್ಣನಿಗೆ ಯಥಾವತ್ತು ಕೇಳಿಸಿದೆ. ಅವನು ನಕ್ಕು ನಕ್ಕು ಕೊನೆಗೆ ತಡೆಯಲಾರದೆ ಸೈಕಲ್ ಹತ್ತಿ ತಾನೇ ಬಂದುಬಿಟ್ಟ. "ಸಾಲಾಗಿ ಚುಚ್ಚೀಯೇನ? ರೇಷನ್ ಅಂಗಡಿ ಅಂತ ತಿಳದೀಯೇನಲೇ? ಒಂದು, ಮೂರು, ನಾಲ್ಕು, ಎರಡು, ಹಂಗ ಬಡೀತಾವ ಇವು" ಎಂದು ವೈರುಗಳನ್ನು ಅದಲು ಬದಲು ಮಾಡಿದ. ಗಾಡಿ ಸ್ಟಾರ್ಟ್ ಆಯಿತು. ನಾನು ಕಿವಿ ಕೊಟ್ಟೆ.

ಡುಗು ಡುಗು ಡುಗು ಹ್ಞೂಂ.

ಇನ್ನೂ ಮೂರೇ. ಅಷ್ಟು ತಿಕ್ಕಿ ಉಜ್ಜಿದರೂ ಮೂರೇ. ಅಮ್ಮ ಬಾಗಿಲಲ್ಲಿ ನಿಂತಿದ್ದಳು. ಅವಳೂ ಎಣಿಸುತ್ತಿದ್ದಳೆಂದು ಅವಳ ಹೆಬ್ಬೆರಳು ಬೆರಳ ಗೆಣ್ಣಿನ ಮೇಲೆ ಓಡುತ್ತಿದ್ದುದರಿಂದ ತಿಳಿಯಿತು.

ಈರಣ್ಣನ ಮುಖದಲ್ಲಿ ಈಗ ತಮಾಷೆಯಿರಲಿಲ್ಲ. ಕಿವಿಯನ್ನು ಇಂಜಿನ್ನಿನ ಹತ್ತಿರ ತಂದು, "ಚಿಟಿ ಚಿಟಿ ಅನ್ನಾಕತ್ತೇತಿ. ಒಂದ್ ಕಂಬಳಿ ತಗೊಂಬಾ" ಎಂದ. ತಂದೆ. ಓಡುತ್ತಿದ್ದ ಇಂಜಿನ್ನಿನ ಮೇಲೆ ಬಗ್ಗಿ ನಿಂತು ಇಬ್ಬರೂ ತಲೆಯ ಮೇಲೆ ಕಂಬಳಿ ಹೊದ್ದುಕೊಂಡೆವು. ಹಾಡಹಗಲಿನಲ್ಲಿ ಒಳಗೆ ಗಾಢ ಕತ್ತಲು, ಪೆಟ್ರೋಲಿನ ವಾಸನೆ, ಈರಣ್ಣನ ಬೀಡಿಯ ಉಸಿರು. ಮೊದಲು ಏನೂ ಕಾಣಲಿಲ್ಲ. ಆಮೇಲೆ ಕಂಡಿತು. ಕೊನೆಯ ಪ್ಲಗ್ಗಿನ ತಲೆಯಿಂದ ನೀಲಿ ಕಿಡಿಯೊಂದು ಹೊರಮೈ ಮೇಲೆ ಹಾವಿನ ಮರಿಯಂತೆ ಸರಸರ ಇಳಿದು ಕಬ್ಬಿಣದೊಳಗೆ ಮಾಯವಾಗುತ್ತಿತ್ತು. ಒಳಗೆ ಹಾರಬೇಕಾದ ಕಿಡಿ ಹೊರಗೇ ಹಾರಿ ಹೋಗುತ್ತಿತ್ತು.

"ಪ್ಲಗ್ಗಿನ ಮೈಮ್ಯಾಲೆ ಏನೋ ಮೆತ್ತೇತಲ್ಲೋ. ಏನದು?"

ಕಂಬಳಿಯ ಕತ್ತಲಲ್ಲಿ ನನ್ನ ಕಿವಿ ಬಿಸಿಯಾಯಿತು. ಅದನ್ನು ಹಚ್ಚಿದವನು ಇಡೀ ಪಶ್ಚಿಮ ಬೆಂಗಳೂರಿನಲ್ಲಿ ನಾನೊಬ್ಬನೇ.

ಹೇಳಿಬಿಡುತ್ತೇನೆ. ನಮ್ಮಲ್ಲಿ ಆಯುಧಪೂಜೆಗೆ ಗಾಡಿ ತೊಳೆದು, ಚಕ್ರಕ್ಕೆ ನಿಂಬೆಹಣ್ಣು ಇಟ್ಟು, ಕುಂಬಳಕಾಯಿ ಒಡೆಯುತ್ತೇವೆ, ನಿಮ್ಮಲ್ಲೂ ಅಷ್ಟೇ. ನಮ್ಮ ಮನೆಯಲ್ಲಿ ಪೂಜೆ ಮಾಡುತ್ತಿದ್ದವನು ನಾನು, ದೇವಸ್ಥಾನದ ಅರ್ಚಕರ ಧ್ವನಿಯಲ್ಲಿ, ಅವರ ಮೂಗಿನ ಸಮೇತ. ಬೀದಿಯವರೆಲ್ಲ ನೋಡಲು ಸೇರುತ್ತಿದ್ದರು. ಜನ ಸೇರಿದರೆ ನನಗೆ ಕೈ ನಿಲ್ಲುವುದಿಲ್ಲ. ಬಾನೆಟ್ ಎತ್ತಿ ನೋಡಿದರೆ ನಾಲ್ಕು ಪ್ಲಗ್ಗುಗಳ ಬಿಳಿ ಪಿಂಗಾಣಿ ಮೈ ನಾಲ್ಕು ಪುಟ್ಟ ಲಿಂಗಗಳ ಹಾಗೆ ಸಾಲಾಗಿ ಕಾಣುತ್ತಿತ್ತು. "ನಾಲ್ಕು ಸಿಲಿಂಡರಿಗೂ ಸಮಾನ ಅನುಗ್ರಹ ಪ್ರಾಪ್ತಿರಸ್ತು" ಎಂದು ಒಂದೊಂದಕ್ಕೂ ಮೂರು ಬೆರಳಲ್ಲಿ ಒದ್ದೆ ವಿಭೂತಿ ಎಳೆದು, ನಡುವೆ ಕುಂಕುಮವಿಟ್ಟೆ. ಎಲ್ಲರೂ ನಕ್ಕರು. ಮರುವರ್ಷವೂ ಮಾಡಿದೆ. ಅದರ ಮರುವರ್ಷವೂ. ಕೊನೆಯ ಪ್ಲಗ್ಗು ನನಗೆ ಹತ್ತಿರವಿದ್ದುದರಿಂದ ಅದಕ್ಕೆ ಅನುಗ್ರಹ ಸ್ವಲ್ಪ ದಪ್ಪಗೇ ಬೀಳುತ್ತಿತ್ತು. ಬೆಳಗಿನ ಮಂಜಿಗೆ ಆ ಪದರ ತೇವ ಹೀರುತ್ತಿತ್ತು, ಕರೆಂಟು ಅದನ್ನೇ ಹಿಡಿದು ಇಳಿದು ಹೋಗುತ್ತಿತ್ತು. ಮಧ್ಯಾಹ್ನದ ಕಾವಿಗೆ ಒಣಗಿದ ಮೇಲೆ ಗಾಡಿ ಸರಿಯಾಗುತ್ತಿತ್ತು. ಆ ದಿನ ತುದಿಗಳನ್ನು ಅಷ್ಟು ಶ್ರದ್ಧೆಯಿಂದ ತಿಕ್ಕಿದವನು ದೇವರಿಗೆ ಹಚ್ಚಿದ್ದೆಂದು ಮೇಲಿನ ಪಟ್ಟೆಗಳನ್ನು ಮಾತ್ರ ಮುಟ್ಟದೆ ಬಿಟ್ಟಿದ್ದೆ. ಅಂದರೆ, ಶ್ರೀಗಂಧದ ಕಾವಲಿನ ಏರಿನಲ್ಲಿ ಅಮ್ಮನ ಗಾಡಿಯನ್ನು ನಿಲ್ಲಿಸಿದವನು ನಾನೇ.

ಕಂಬಳಿಯಿಂದ ಹೊರಗೆ ಬಂದು ಒಪ್ಪಿಕೊಂಡೆ. ಯಾರ ಧ್ವನಿಯಲ್ಲೂ ಅಲ್ಲ. ಈರಣ್ಣ ಸೊಂಟದ ಮೇಲೆ ಕೈಯಿಟ್ಟು, "ನಾ ಬೋರ್ ಅಂದಿದ್ದು ತಪ್ಪಾತು. ಆದ್ರ ನಿಂದು ಅದಕ್ಕಿಂತ ದೊಡ್ಡದಾತು" ಎಂದ.

ಇಂಜಿನ್ ಆಫ್ ಮಾಡಿ, ಪೆಟ್ರೋಲಿನ ಬಟ್ಟೆ ತೆಗೆದುಕೊಂಡು ಒರೆಸಲು ಹೋದೆ. ಅಮ್ಮ ಅಡ್ಡ ಬಂದಳು.

"ಕುಂಕುಮ ಕಣೋ ಅದು. ಪೂಜೆಗೆ ಇಟ್ಟಿದ್ದು. ಹಂಗೆ ಗಲೀಜು ಬಟ್ಟೇಲಿ ಒರೆಸಿಬಿಡ್ತೀಯಾ?"

"ಒರೆಸದಿದ್ರೆ ನಾಳೆ ಶಿವಣ್ಣಮಾವ ಗಾಡೀನೇ ಒರೆಸ್ಕೊಂಡು ಹೋಗ್ತಾನೆ ಅಮ್ಮ."

ಗಂಡ ಪಕ್ಕದಲ್ಲಿ ಜೀವಂತ ಕೂತಿರುವಾಗ ಕುಂಕುಮ ಅಳಿಸುವುದೆಂದರೆ ನಮ್ಮ ಹೆಂಗಸರಿಗೆ ಸುಲಭವಲ್ಲ. ಅಪ್ಪ ತಮ್ಮ ಕಡೆಗೇ ಎಲ್ಲರೂ ನೋಡುವುದನ್ನು ಕಂಡು, "ನನಗೇನೂ ಆಗಲ್ಲ ಒರೆಸೇ" ಎಂದರು. ಅವರ ಇಡೀ ಜೀವನದ ಅತಿ ಧೈರ್ಯದ ಮಾತು ಅದು.

ಅಮ್ಮ ಒಳಗೆ ಹೋಗಿ ಮಡಿಯ ಬಿಳಿ ಬಟ್ಟೆ ತಂದಳು. ತಾನೇ ಬಗ್ಗಿ, ಒಂದೊಂದು ಪ್ಲಗ್ಗಿನ ಮೈಯನ್ನೂ ಮಗುವಿನ ಮೂಗೊರೆಸುವ ಹಾಗೆ ಒರೆಸಿದಳು. ಬಟ್ಟೆ ಕೆಂಪಾಯಿತು, ಬೂದಿಯಾಯಿತು. ಕೊನೆಯದರ ಪದರವನ್ನು ಉಗುರಿನಿಂದ ಕೆರೆಯಬೇಕಾಯಿತು. ಆಮೇಲೆ ಆ ಬಟ್ಟೆಯನ್ನು ತುಳಸಿಯ ಬುಡದಲ್ಲಿ ಜಾಲಿಸಿ ಬಂದು, ಹೊಸದಾಗಿ ಒಂದು ಚಿಟಿಕೆ ಕುಂಕುಮವನ್ನು ಬಾನೆಟ್ಟಿನ ಮೇಲೆ, ಹೊರಗೆ, ಇಟ್ಟಳು.

"ದೇವರಿಗೆ ಇಲ್ಲಿಂದಾನೂ ಕಾಣುತ್ತೆ. ಒಳಗಡೆ ಅವನ ಕೈ ಬೇಡ, ನನ್ ಕೈಯಿದೆ" ಎಂದಳು.

ಕೀಲಿ ತಿರುಗಿಸಿದಳು. ಡುಗು ಡುಗು ಡುಗು ಡುಗು. ಈರಣ್ಣ ಬೀಡಿ ಎಸೆದ. ನಾನು ಜೊತೆಗೂಡಿಸಲು ಬಾಯಿ ತೆರೆದೆ, ಅಮ್ಮ "ನೀನು ಸುಮ್ನಿರು, ಅದು ಮಾತಾಡ್ಲಿ" ಎಂದಳು.

ಭಾನುವಾರ ಮಾವ ಬೇಕೆಂದೇ ಬೆಳಿಗ್ಗೆ ಆರೂವರೆಗೆ ಏರಿನ ಕೆಳಗೆ ಬಂದು ನಿಂತಿದ್ದ. ಮಂಜಿನಲ್ಲಿ ಗಾಡಿ ಕೆಮ್ಮುತ್ತದೆಂದು ಅವನಿಗೂ ಗೊತ್ತಿತ್ತಲ್ಲ. ಬಿಳಿ ಪಂಚೆ, ಮಫ್ಲರ್, ಪಕ್ಕದಲ್ಲಿ ಹಗ್ಗ ಹಿಡಿದ ಗುಜರಿಯವನು. ಗುಜರಿಯವನು ನಮ್ಮ ಮಡ್‌ಗಾರ್ಡಿಗೆ ಬೆರಳ ಗೆಣ್ಣಿನಿಂದ ತಟ್ಟಿ, "ಒಳ್ಳೆ ಕಬ್ಬಿಣ ಸಾರ್" ಎಂದ. ಮದುವೆಗೆ ಹೆಣ್ಣು ನೋಡಲು ಬಂದವರು ಮಾತಾಡುವ ಧಾಟಿ.

"ಬಾ ಅಣ್ಣ, ಹತ್ತು. ಕೆಳಗೆ ನಿಂತು ಯಾಕೆ ನೋಡ್ತೀಯಾ?" ಎಂದಳು ಅಮ್ಮ.

ಮುಂದಿನ ಸೀಟಿನಲ್ಲಿ ಮಾವ ಕೂತ. ಅಪ್ಪ ಇಂಡಿಕೇಟರ್ ಕೆಲಸದಿಂದ ಬಡ್ತಿ ಪಡೆದು ಹಿಂದೆ ನನ್ನೊಂದಿಗೆ ಕುರ್ಚಿಗಳ ಮೇಲೆ. ಇನ್ನೂರು ಕುರ್ಚಿ, ಮೇಲೆ ಎರಡು ಕೊಪ್ಪರಿಗೆ.

ಏರು ಶುರುವಾಯಿತು. ನಾನು ಕ್ಯಾಬಿನ್ನಿನ ಹಿಂದಿನ ಕಿಂಡಿಗೆ ಕಿವಿ ಹಚ್ಚಿದ್ದೆ. ನಾಲ್ಕು, ನಾಲ್ಕು, ನಾಲ್ಕು. ಕಳೆದ ಸಲ ನಿಂತ ಜಾಗ ಹತ್ತಿರ ಬರುತ್ತಿದ್ದಂತೆ ವೇಗ ಇಳಿಯಿತು, ಸದ್ದು ಭಾರವಾಯಿತು. ಅಪ್ಪ ನನ್ನ ಮೊಣಕೈ ಹಿಡಿದರು. ಅಪ್ಪ ಚಕ್ರಕ್ಕೆ ಕೊಟ್ಟಿದ್ದ ಕಲ್ಲು ರಸ್ತೆಯ ಬದಿಯಲ್ಲಿ ಇನ್ನೂ ಬಿದ್ದಿತ್ತು. ಒಳಗಿನಿಂದ ಮಾವನ ಧ್ವನಿ: "ನಿಲ್ತು ನೋಡು, ನಿಲ್ತು, ಸಾಕು ಬಿಡೇ." ಅಮ್ಮ ಎರಡು ಸಲ ಕ್ಲಚ್ ತುಳಿದು, ಗೇರನ್ನು ಮೊದಲನೆಯದಕ್ಕೆ ಇಳಿಸಿದಳು. ಅದು ಕರಕರ ಎನ್ನಲಿಲ್ಲ. ಬೆಣ್ಣೆಗೆ ಬೆರಳು ಹಾಕಿದಂತೆ ಇಳಿಯಿತು. ಪಿಕಪ್ಪು ಗಂಟಲು ಸರಿಮಾಡಿಕೊಂಡು, ಮೂಗು ಮೇಲೆತ್ತಿ, ಆನೆ ನಡೆಯುವಂತೆ ನಿಧಾನವಾಗಿ ಆ ಕಲ್ಲನ್ನು ದಾಟಿತು. ನಾನು ಎಣಿಸುತ್ತಲೇ ಇದ್ದೆ. ಒಂದೂ ತಪ್ಪಲಿಲ್ಲ. ಏರಿನ ನೆತ್ತಿಗೆ ಬಂದಾಗ ಹಿಂದೆ ತಿರುಗಿ ನೋಡಿದರೆ ಕೆಳಗೆ ಗುಜರಿಯವನು ಹಗ್ಗವನ್ನು ಮೊಣಕೈಗೆ ಸುತ್ತಿಕೊಳ್ಳುತ್ತಿದ್ದ.

"ಆಯ್ತು, ಆಯ್ತು. ಇಲ್ಲೇ ಇಳಿಸು, ನನ್ ಡ್ರೈವರ್ ಬರ್ತಾನೆ" ಎಂದ ಮಾವ.

"ಛತ್ರ ಬರೋವರೆಗೂ ನಿಲ್ಸಲ್ಲ ಅಣ್ಣ. ಮುಹೂರ್ತ ಇದೆ. ಹೋದ್ ಸಲ ಜನ ಗೋಡೆಗೆ ಒರಗಿ ನಿಂತಿದ್ರಲ್ಲ, ನೀನೇ ನೋಡಿದೀಯಲ್ಲ."

ಇಳಿಯಬೇಕೆಂದರೂ ಆ ಕಡೆಯ ಬಾಗಿಲು ಒಳಗಿನಿಂದ ತೆರೆಯುವುದಿಲ್ಲ ಎಂಬುದನ್ನು ಯಾರೂ ಅವನಿಗೆ ಹೇಳಲಿಲ್ಲ.

ಛತ್ರದಲ್ಲಿ ಅಡುಗೆಯವರು ಆಗಲೇ ಕೊಪ್ಪರಿಗೆಗೆ ಕಾದಿದ್ದರು. ಕುರ್ಚಿ ಇಳಿಸಲು ಜನ ಸಾಲದು. ಅಪ್ಪ, ನಾನು, ಅಮ್ಮ ಸಾಲಾಗಿ ಹೊರತೊಡಗಿದೆವು. ಮಾವ ಸ್ವಲ್ಪ ಹೊತ್ತು ಮಫ್ಲರ್ ಸರಿಮಾಡಿಕೊಂಡು ನಿಂತಿದ್ದ. ಅಮ್ಮ ನಾಲ್ಕು ಕುರ್ಚಿಯ ಒಂದು ಕಟ್ಟನ್ನು ಅವನ ಮುಂದೆ ತೊಟ್ಟಿಯ ಅಂಚಿಗೆ ತಳ್ಳಿದಳು. ತಂಗಿ ಹೊರುವಾಗ ಅಣ್ಣ ಕೈಕಟ್ಟಿ ನಿಂತರೆ ನೋಡುವ ಜನರೇನು ಅನ್ನುತ್ತಾರೆ? ಮಾವ ಪಂಚೆ ಎತ್ತಿ ಕಟ್ಟಿ, ಕಟ್ಟನ್ನು ಹೆಗಲಿಗೆ ಹಾಕಿಕೊಂಡ.

ಛತ್ರದ ಮ್ಯಾನೇಜರ್ ಹೊಸಬ. ಪುಸ್ತಕ ಪೆನ್ನು ಹಿಡಿದು ಬಂದು, ಬಿಳಿ ಪಂಚೆಯನ್ನು ನೋಡಿ ಸೀದಾ ಮಾವನ ಹತ್ತಿರ ಹೋದ. "ಗಾಡಿ ನಿಮ್ದಾ ಯಜಮಾನ್ರೇ? ರಸೀದಿಗೆ ಸೈನ್ ಬೇಕಿತ್ತು."

"ಅವಳ್ದು" ಎಂದ ಮಾವ, ಗದ್ದದಿಂದ ಅಮ್ಮನ ಕಡೆ ತೋರಿಸಿ.

ಮ್ಯಾನೇಜರ್ ಅಮ್ಮನನ್ನು ನೋಡಿದ, ಪಿಕಪ್ಪನ್ನು ನೋಡಿದ. ತುಟಿಯಂಚಿನಲ್ಲಿ ಒಂದು ನಗು ಬಂತು. ಆ ನಗುವನ್ನು ನಾನು ಚೆನ್ನಾಗಿ ಬಲ್ಲೆ, ಹತ್ತು ಥರ ಮಾಡಿ ತೋರಿಸಬಲ್ಲೆ.

"ಮತ್ತೆ ಡ್ರೈವರ್ ಯಾರು? ಹೆಂಗಸ್ರಾ ಓಡಿಸ್ಕೊಂಡ್ ಬಂದ್ರು ಇದನ್ನ?"

ಮಾವ ಕುರ್ಚಿಯ ಕಟ್ಟನ್ನು ಕೆಳಗಿಳಿಸಿದ. ಗಂಟಲು ಸರಿಮಾಡಿಕೊಳ್ಳಲಿಲ್ಲ. ತಾರಸಿಯನ್ನೂ ನೋಡಲಿಲ್ಲ, ಮ್ಯಾನೇಜರನ ಮುಖವನ್ನೇ ನೋಡಿದ.

"ಹೂಂ, ಅವಳೇ ಓಡಿಸ್ಕೊಂಡ್ ಬಂದ್ಲು. ಆ ಏರು ಹತ್ತಿಸಿ. ಏನೀಗ?"

ಮ್ಯಾನೇಜರ್ ಪುಸ್ತಕವನ್ನು ಅಮ್ಮನ ಮುಂದೆ ಹಿಡಿದ. ಅಮ್ಮ ಸೈನ್ ಹಾಕಿ, ಕನ್ನಡಕ ಒರೆಸಿಕೊಂಡು, ಷಾಮಿಯಾನದ ಇನ್ನೊಂದು ಟ್ರಿಪ್ಪಿಗೆ ಗಾಡಿ ಹತ್ತಿದಳು.